ತೆಂಗಿನ ಮರದ ಅಳತೆಗೆ ಜೋಡಿಸಿದ ಅಕ್ಷರಗಳು

ಮರದ ಅಕ್ಷರಗಳನ್ನಿಟ್ಟಿದ್ದ ಪೆಟ್ಟಿಗೆಗೆ ಬೀಗವಿರಲಿಲ್ಲ. ಆದರೂ ತಿಪಟೂರಿನ ಆ ಮುದ್ರಣಾಲಯದಲ್ಲಿ ಮೊದಲ ಮೂರು ವರ್ಷ ಅದನ್ನು ತೆರೆಯುವ ಹಕ್ಕು ನನಗಿರಲಿಲ್ಲ. ಅಚ್ಚಾಗಿ ಮುಗಿದ ಪುಟಗಳ ಸೀಸದ ಅಚ್ಚುಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದನ್ನೂ ಅದರದರ ಖಾನೆಗೆ ಹಿಂದಿರುಗಿಸುವುದು ನನ್ನ ಕೆಲಸ. ಬಿಡುವಿದ್ದಾಗ ಲಗ್ನಪತ್ರಿಕೆಗೋ ತಿಥಿಯ ಕಾರ್ಡಿಗೋ ಮೊಳೆ ಜೋಡಿಸುತ್ತಿದ್ದೆ. ಪೋಸ್ಟರಿನ ಮೇಜು ಮಾತ್ರ ಅಕ್ಷರ ಜೋಡಿಸುವವರಲ್ಲಿ ಹಿರಿಯರಾದ ಮೇಸ್ತ್ರಿಯದು. ಕಿಟಕಿಯ ಪಕ್ಕದಲ್ಲಿ, ಒಳ್ಳೆಯ ಬೆಳಕು ಬೀಳುವ ಜಾಗದಲ್ಲಿ ಅದಿತ್ತು. ಎರಡು ಬೆರಳಗಲದಿಂದ ಹಿಡಿದು ಅಂಗೈಯಗಲದವರೆಗಿನ ಮರದ ಅಕ್ಷರಗಳನ್ನು ಅಲ್ಲಿ ಜೋಡಿಸಿ, ಚೇಸ್ ಎಂಬ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಹಿಡಿಕೆ ಎಳೆಯುವ ಹಳೆಯ ಕೈಯಂತ್ರಕ್ಕೆ ಏರಿಸುತ್ತಿದ್ದರು.

ಇದು ಎಪ್ಪತ್ತರ ದಶಕದ ನಡುಭಾಗದ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಅದಕ್ಕೆ ತಕ್ಕ ಕೆಲಸ ಸಿಗದೆ, ಶೆಟ್ಟಿಕೆರೆಯ ಕಡೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದವಳು ನಾನು. ಪೋಸ್ಟರಿನ ಕೆಲಸ ಕಲಿಸಿಕೊಡಿ ಎಂದು ಮೇಸ್ತ್ರಿಯನ್ನು ಮೊದಲ ಸಲ ಕೇಳಿದ ದಿನ ಅವರು ಕೊಟ್ಟ ಉತ್ತರ ನನಗೆ ಅಕ್ಷರಶಃ ನೆನಪಿದೆ.

"ಮರದಕ್ಷರ ಭಾರ ಕಣಮ್ಮ. ಚೇಸಿಗೆ ಬಿಗುದ್ರೆ ಇಬ್ರು ಗಂಡಸ್ರು ಎತ್ಬೇಕು. ನಿಂಗ್ಯಾಕದು, ಬುಡು."

ಹಿಂದಿನ ದಿನವಷ್ಟೇ ನಾನು ನಮ್ಮ ತೋಟದಿಂದ ಮನೆಗೆ ಹಸಿ ಸೋಗೆಯ ಹೊರೆ ಹೊತ್ತು ತಂದಿದ್ದೆ. ಅದರ ತೂಕ ಅವರಿಗೆ ತಿಳಿಯದು. ಅಂದು ಸಂಜೆ ಎಲ್ಲರೂ ಹೋದ ಮೇಲೆ ಬಿಗಿದಿಟ್ಟ ಚೇಸನ್ನು ಒಬ್ಬಳೇ ಎತ್ತಿ ನೋಡಿದೆ. ಸೋಗೆಯ ಹೊರೆಗಿಂತ ಹಗುರವಾಗಿತ್ತು. ಅದನ್ನು ಹೇಳಲು ಹೋಗಲಿಲ್ಲ. ಆದರೆ ಮರೆಯಲೂ ಇಲ್ಲ.

ಮುಟ್ಟುವಂತಿಲ್ಲವೆಂದ ಮೇಲೆ ನೋಡುವುದೊಂದೇ ಉಳಿದಿತ್ತು. ಹಾಗೆ ನೋಡುತ್ತ ನೋಡುತ್ತ ಆ ಅಕ್ಷರಗಳ ಒಂದೊಂದರ ಸ್ವಭಾವವೂ ನನಗೆ ಪರಿಚಯವಾಯಿತು. ಯಾವ ಅಕ್ಷರದ ಅಂಚು ಹೆಚ್ಚು ಸವೆದಿದೆಯೋ ಅದು ಈ ಸೀಮೆಯ ಜನ ಹೆಚ್ಚು ಬಳಸುವ ಅಕ್ಷರ. ಸಂಘ, ಸಭೆ, ಸನ್ಮಾನ, ಸಂತೆಗಳಲ್ಲಿ ದುಡಿದು 'ಸ' ತನ್ನ ಬಾಲವನ್ನೇ ಅರ್ಧ ಕಳೆದುಕೊಂಡಿತ್ತು. 'ಠ' ಮಾತ್ರ ತಂದ ದಿನದಂತೆಯೇ ಹೊಳೆಯುತ್ತಿತ್ತು. ಒಂದೇ ಅಳತೆಯ ಮರದಲ್ಲಿ ಕೊರೆದಿದ್ದರೂ 'ರ' ದುಂಡಗೆ ಹತ್ತಿರ ಬಂದಂತೆಯೂ 'ಗ' ಬಡವಾಗಿ ದೂರ ಸರಿದಂತೆಯೂ ಏಕೆ ಕಾಣುತ್ತವೆಂಬುದು ನನ್ನನ್ನು ಬಹಳ ದಿನ ಕಾಡಿತು. ಕೇಳಿದರೆ ಮೇಸ್ತ್ರಿ, "ಕಾಣ್ತದೆ, ಕಾಣ್ಲಿ" ಎನ್ನುತ್ತಿದ್ದರು. ಒಳಗೆ ಎಷ್ಟು ಬಯಲಿದೆ, ಹೊರಗೆ ಎಷ್ಟು ಬಯಲಿದೆ ಎಂಬುದರ ಮೇಲೆ ಅಕ್ಷರ ಕಣ್ಣಿಗೆ ಕಾಣುವ ಗಾತ್ರ ನಿಲ್ಲುತ್ತದೆಂದು ನಾನೇ ಕಂಡುಕೊಳ್ಳಲು ಒಂದು ವರ್ಷ ಹಿಡಿಯಿತು.

ಮೇಸ್ತ್ರಿಯ ಮನೆ ಮುದ್ರಣಾಲಯದ ಹಿಂದಿನ ಓಣಿಯಲ್ಲಿತ್ತು. ತಾವು ಜೋಡಿಸಿದ ಪೋಸ್ಟರುಗಳನ್ನು ಅವರು ಮೇಜಿನ ಮೇಲೆ ನೋಡುತ್ತಿದ್ದರು, ಇಲ್ಲವೇ ಪೇಟೆ ಬೀದಿಯ ಗೋಡೆಯ ಮೇಲೆ. ನಾನು ನೋಡುತ್ತಿದ್ದುದು ಬಸ್ಸಿನ ಕಿಟಕಿಯಿಂದ. ಊರು ದಾಟಿದರೆ ಗೋಡೆಗಳೆಲ್ಲಿ? ರಸ್ತೆಯ ಎರಡೂ ಬದಿಗೆ ತೋಟ, ತೋಟದ ಅಂಚಿಗೆ ಸಾಲು ಮರ. ಅಂಟಿಸುವವನು ಸೈಕಲ್ಲಿಗೆ ಮೈದಾ ಅಂಟಿನ ಬಕೆಟ್ಟು ನೇತುಹಾಕಿಕೊಂಡು ಹೋಗಿ ತೆಂಗಿನ ಮರಗಳಿಗೇ ಪೋಸ್ಟರು ಸುತ್ತಿ ಪೊರಕೆಯಿಂದ ಉಜ್ಜಿ ಬರುತ್ತಿದ್ದ. ಮೂವತ್ತು ಅಂಗುಲ ಅಗಲದ ಹಾಳೆ. ಅದರ ಎರಡು ತುದಿಗಳೂ ಮರದ ಬೆನ್ನಿನಲ್ಲಿ ಹೆಚ್ಚುಕಡಿಮೆ ಒಂದನ್ನೊಂದು ಮುಟ್ಟುತ್ತಿದ್ದವು. ರಸ್ತೆಗೆ ಕಾಣುತ್ತಿದ್ದುದು ನಡುವಿನ ತುಂಡು ಮಾತ್ರ. ಎಡಕ್ಕಿದ್ದ ದಿನಾಂಕವನ್ನು ತೋಟದೊಳಗಿನ ದನ ಓದಬೇಕು. ಬಲಕ್ಕಿದ್ದ ಸ್ಥಳವನ್ನು ಬೇಲಿಯ ಲಂಟಾನ ಓದಬೇಕು.

ಇದು ನನ್ನೊಬ್ಬಳ ಕಣ್ಣಿನ ದೋಷವಿರಬಹುದೇ ಎಂದು ಪರೀಕ್ಷಿಸಲು, ಮಸಿ ಹರಡಿ ಕೆಟ್ಟಿದ್ದ ಪೋಸ್ಟರೊಂದನ್ನು ಮಡಿಚಿ ಮನೆಗೆ ಒಯ್ದೆ. ಭಾನುವಾರ ಬೆಳಿಗ್ಗೆ ಬಾವಿಯ ಪಕ್ಕದ ಮರಕ್ಕೆ ಅದನ್ನು ರಾಗಿ ಗಂಜಿಯಿಂದ ಅಂಟಿಸಿ, ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ, ನಲವತ್ತು ಹೆಜ್ಜೆ ದೂರ ಹೋಗಿ ನೋಡಿದೆ. ಕುಳಿತು ನೋಡಿದೆ, ಜಗಲಿ ಹತ್ತಿ ನೋಡಿದೆ, ಬಸ್ಸಿನ ಓಟವನ್ನು ಊಹಿಸಿ ಬೇಗಬೇಗ ನಡೆಯುತ್ತ ನೋಡಿದೆ.

ಅವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಗಮನಿಸುತ್ತಿದ್ದಳು. "ಅದೇನೇ ಅದು, ಮರುಕ್ಕೆ ಲಗ್ನ ಗೊತ್ತುಮಾಡಿದೀಯಾ? ಪತ್ರಿಕೆ ಅಂಟ್ಸಿ ಪ್ರದಕ್ಷಿಣೆ ಬೇರೆ ಹಾಕ್ತಿದೀಯಲ್ಲ."

"ಸುಮ್ಕಿರವ್ವ. ಎಷ್ಟಗಲ ಕಾಣ್ತದೆ ಅಂತ ನೋಡ್ತಿದೀನಿ."

"ಮರದಗಲ ಕಾಣ್ತದೆ. ಇನ್ನೇನು ತೋಟದಗಲ ಕಾಣ್ತದಾ?"

ತಮಾಷೆಗೆ ಅಂದ ಮಾತು; ಆದರೆ ನನಗೆ ಬೇಕಾದ ಉತ್ತರ ಅದೇ ಆಗಿತ್ತು. ಹೊಲಿಗೆಯ ದಪ್ಪ ದಾರ ತಂದು ಮರಕ್ಕೆ ಸುತ್ತಿ, ಸುತ್ತು ಮುಗಿದಲ್ಲಿ ಒಂದು ಗಂಟು ಹಾಕಿದೆ. ಮೂರಡಿಗೆ ಎರಡು ಬೆರಳು ಕಡಿಮೆ. ಅದರಲ್ಲಿ ಓದಲು ಬರುವಷ್ಟು ಭಾಗದ ಆಚೆಗೊಂದು, ಈಚೆಗೊಂದು ಗಂಟು ಹಾಕಿದೆ. ಅವುಗಳ ನಡುವಿನ ಅಂತರ ಹತ್ತು ಅಂಗುಲ. ಆಮೇಲೆ ಪಕ್ಕದ ಮರ, ಅದರ ಪಕ್ಕದ ಮರ, ಚಿಕ್ಕಪ್ಪನ ತೋಟದ ಮರ, ತುರುವೇಕೆರೆಯ ಹತ್ತಿರ ಅಕ್ಕನ ಮನೆಗೆ ಹೋದಾಗ ಅಲ್ಲಿನ ಮರ. ಒಂದೆರಡು ಬೆರಳಿನ ವ್ಯತ್ಯಾಸ ಬಿಟ್ಟರೆ ಎಲ್ಲ ಒಂದೇ. ತೆಂಗು ಎತ್ತರಕ್ಕೆ ಬೆಳೆಯುತ್ತದೆ, ಆಲದಂತೆ ವರ್ಷವರ್ಷವೂ ದಪ್ಪಗಾಗುತ್ತ ಹೋಗುವುದಿಲ್ಲ. ಮೂರು ತಾಲ್ಲೂಕಿನ ರಸ್ತೆಗಳಲ್ಲಿ ಒಂದೇ ಅಗಲದ ಗೋಡೆ ಸಾಲಾಗಿ ನಿಂತಿತ್ತು, ಅದಕ್ಕೆ ತಕ್ಕ ಹಾಳೆಯನ್ನು ಮಾತ್ರ ಯಾರೂ ಮುದ್ರಿಸುತ್ತಿರಲಿಲ್ಲ.

ಆಗಿನಿಂದ ಬಸ್ಸಿನಲ್ಲಿ ಕಿವಿಯನ್ನೂ ತೆರೆದಿಟ್ಟೆ. ಪೋಸ್ಟರು ಕಂಡವರು ಮೊದಲು ಏನು ಕೇಳುತ್ತಾರೆ? ಏನು ನಡೆಯುತ್ತದೆಂದು ಕೇಳುವವರು ಕಡಿಮೆ. "ಯಾವೂರಲ್ಲಂತೆ?" ಎಂಬುದೇ ಮೊದಲ ಪ್ರಶ್ನೆ. "ಯಾವತ್ತಂತೆ?" ಎಂಬುದು ಎರಡನೆಯದು. ನಮ್ಮ ಪೋಸ್ಟರುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಇರುತ್ತಿದ್ದುದು ಅಧ್ಯಕ್ಷತೆ ವಹಿಸುವವರ ಹೆಸರು. ಅದನ್ನು ಯಾರಾದರೂ ವಿಚಾರಿಸಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಇಷ್ಟನ್ನೂ ಕ್ರಮವಾಗಿ ಒಂದು ಕಾಗದದಲ್ಲಿ ಬರೆದು, ದಾರವನ್ನೂ ಜೊತೆಗಿಟ್ಟು, ಒಂದು ಮಧ್ಯಾಹ್ನ ಮೇಸ್ತ್ರಿಯ ಮುಂದೆ ನಿಂತೆ. ಮುದ್ರಣಾಲಯದ ಯಜಮಾನರು ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದರು. ಮೇಸ್ತ್ರಿ ಕಾಗದ ಓದಲಿಲ್ಲ. ದಾರವನ್ನು ಎರಡು ಬೆರಳಲ್ಲಿ ಎತ್ತಿ ಯಜಮಾನರಿಗೆ ತೋರಿಸಿದರು.

"ನೋಡ್ರಿ, ದರ್ಜಿ ಅಂಗಡಿ ಇಡ್ತಾಳಂತೆ. ಮರುಕ್ಕೆ ಜುಬ್ಬ ಹೊಲಿತಾಳಂತೆ."

"ಮೇಸ್ತ್ರೀ, ನೀವೊಂದ್ಸಲ ಬಸ್ಸಲ್ಲಿ ಬಂದು ನೋಡಿ," ಎಂದೆ.

"ಕಿಟ್ಕೀಲಿ ನೋಡೋರೆಲ್ಲ ಪೋಸ್ಟರ್ ಮಾಡೋ ಹಂಗಿದ್ರೆ ಬಸ್ಸಲ್ಲೇ ಪ್ರೆಸ್ ಇಡಬೋದಿತ್ತು ಕಣಮ್ಮ. ಹೋಗು, ಆ ಲಗ್ನಪತ್ರಿಕೆ ಮೊಳೆ ಬಿಡ್ಸು."

ಯಜಮಾನರು ನಕ್ಕರು. ಮೇಸ್ತ್ರಿಯ ಮಾತಿಗಿಂತ ಆ ನಗೆಯನ್ನು ನಾನು ಹೆಚ್ಚು ಕಾಲ ಇಟ್ಟುಕೊಂಡಿದ್ದೇನೆ. ಯಜಮಾನರಾದರೂ ಆ ಕಾಗದವನ್ನು ತೆಗೆದು ಓದಬಹುದಿತ್ತು.

ಅದಾಗಿ ಎರಡು ತಿಂಗಳಿಗೆ ಕಂದಿಕೆರೆಯಲ್ಲಿ ವಾಲಿಬಾಲ್ ಪಂದ್ಯ ಗೊತ್ತಾಯಿತು. ಯುವಕರ ಸಂಘವೊಂದು ಸುತ್ತಲಿನ ಊರುಗಳ ತಂಡಗಳನ್ನೆಲ್ಲ ಕರೆದಿತ್ತು. ಅವರಿಗದು ಮೊದಲ ಪ್ರಯತ್ನ; ಜನ ಸೇರದಿದ್ದರೆ ಮರುವರ್ಷ ಊರಲ್ಲಿ ಯಾರೂ ಬೆಂಬಲಿಸುವುದಿಲ್ಲವೆಂದು ಕಾರ್ಯದರ್ಶಿಯಾಗಿದ್ದ ಯುವಕ ಪದೇ ಪದೇ ಹೇಳಿದ್ದ. ಮಧ್ಯದಲ್ಲೊಂದು ಚೆಂಡಿನ ಚಿತ್ರ ಬೇಕೆಂದಿದ್ದ. ನಮ್ಮಲ್ಲಿ ಚೆಂಡಿನ ಅಚ್ಚು ಇರಲಿಲ್ಲ. ಇದ್ದದ್ದು ಕೊಬ್ಬರಿ ಮಂಡಿಗಳ ಪೋಸ್ಟರಿಗೆಂದು ಮಾಡಿಸಿದ್ದ, ಸುಲಿದ ತೆಂಗಿನಕಾಯಿಯ ಮರದ ಅಚ್ಚು.

"ಅದ್ನೇ ಒರೆಸ್ಕೊಡು," ಎಂದರು ಮೇಸ್ತ್ರಿ.

"ಇದು ಕಾಯಿ ಅಲ್ವಾ ಮೇಸ್ತ್ರೀ? ಮೂರು ಕಣ್ಣು ಕಾಣ್ತಾವೆ."

"ದುಂಡಗೈತೆ, ಸಾಕು. ದೂರದಿಂದ ಕಣ್ಣು ಯಾರಿಗ್ ಕಾಣ್ತದೆ."

ಒರೆಸಿ ಕೊಟ್ಟೆ. ಹೇಳಬೇಕಾದ್ದನ್ನು ಹೇಳಿಯೇ ಕೊಟ್ಟೆ ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಮೇಸ್ತ್ರಿ ಆ ಪೋಸ್ಟರನ್ನು ಹಾಳೆಯ ಪೂರ್ತಿ ಅಗಲಕ್ಕೆ ಜೋಡಿಸಿದರು. ಎಡಕ್ಕೆ ಅಧ್ಯಕ್ಷರು ಮತ್ತು ದಿನ, ಬಲಕ್ಕೆ ಮುಖ್ಯ ಅತಿಥಿಗಳು ಮತ್ತು ಊರು, ಮೇಲೆ ಉದ್ದಕ್ಕೆ ಪಂದ್ಯದ ಹೆಸರು, ನಟ್ಟನಡುವೆ ಆ ಕಾಯಿ. ಮೇಜಿನ ಮೇಲೆ ನೋಡಿದರೆ ಅದು ನಿಜವಾಗಿಯೂ ಚೆನ್ನಾಗಿತ್ತು. ಎರಡು ಬದಿಯೂ ತಕ್ಕಡಿಯಂತೆ ತೂಗಿ ನಿಂತಿತ್ತು. ಹಳದಿ ಕಾಗದ, ಕೆಂಪು ಮಸಿ.

ಪಂದ್ಯ ನಡೆಯಬೇಕಾಗಿದ್ದ ಭಾನುವಾರಕ್ಕೆ ನಾಲ್ಕು ದಿನ ಮೊದಲು, ಬುಧವಾರ ಬೆಳಿಗ್ಗೆ ನಾನು ಬಸ್ಸು ಹತ್ತಿದಾಗ ರಸ್ತೆಯುದ್ದಕ್ಕೂ ಅವು ಅಂಟಿದ್ದವು. ತೆಂಗಿನ ಮರದ ಮೇಲೆ ತೆಂಗಿನಕಾಯಿಯ ಚಿತ್ರ, ಅದರ ಮೇಲೆ 'ಬಾಲ್' ಎಂಬಷ್ಟು ಭಾಗ, ಮತ್ತೇನೂ ಇಲ್ಲ. ನನ್ನ ಮುಂದಿನ ಸೀಟಿನಲ್ಲಿ ಹೆಗಲಿಗೆ ಟವೆಲು ಹಾಕಿದ್ದ ಒಬ್ಬ ಅಜ್ಜ, ಅವರ ಪಕ್ಕದಲ್ಲಿ ಒಬ್ಬ ನಡುವಯಸ್ಸಿನ ರೈತ ಕುಳಿತಿದ್ದರು.

"ಅದ್ಯಾತುಕ್ಕಲಾ ಮರಮರುಕ್ಕೂ ಕಾಯಿ ಚಿತ್ರ ಬಡ್ದವ್ರೆ?" ಎಂದರು ಅಜ್ಜ.

"ಸರ್ಕಾರದೋರು ಕಣಜ್ಜ. ರೋಗ ಬಂದಿರೋ ಮರುಕ್ಕೆ ಗುರ್ತು ಹಾಕವ್ರಂತೆ."

"ಗುರ್ತು ಹಾಕಿ?"

"ಹಾಕಿ ಏನ್ ಮಾಡ್ತಾರೆ, ಕಡುಸ್ತಾರೆ. ಪಕ್ಕದ ಮರುಕ್ಕೆ ಹತ್ಬಾರ್ದು ಅಂತ."

ಅಜ್ಜನ ಮುಖ ಬಿಗಿದುಕೊಂಡಿತು. "ನಮ್ಮ ತೋಟದ ಅಂಚಲ್ಲಿ ಆರು ಮರುಕ್ಕೆ ಐತಲ್ಲೋ."

ನನಗೆ ಸುಮ್ಮನಿರಲಾಗಲಿಲ್ಲ. "ಅಜ್ಜ, ಅದು ರೋಗದ್ದಲ್ಲ. ಕಂದಿಕೆರೇಲಿ ವಾಲಿಬಾಲ್ ಆಟ. ಅದು ಚೆಂಡಿನ ಚಿತ್ರ."

ಅವರು ತಿರುಗಿ ನನ್ನನ್ನು ಕರುಣೆಯಿಂದ ನೋಡಿದರು. "ಚೆಂಡಿಗೆ ಮೂರು ಕಣ್ಣು ಇರ್ತಾವೇನವ್ವ?"

ಬಸ್ಸು ಪೂರ್ತಿ ಅವರ ಪಕ್ಷ ವಹಿಸಿತು. ಸಂಜೆ ಮರಳುವ ಹೊತ್ತಿಗೆ ಅರ್ಧಕ್ಕರ್ಧ ಮರಗಳು ಬೋಳಾಗಿದ್ದವು. ಅಧಿಕಾರಿಗಳು ಬಂದು ನೋಡುವ ಮೊದಲೇ ಗುರುತು ಇಲ್ಲದಂತಾಗಲಿ ಎಂದು ಜನ ತೆಂಗಿನ ಮಟ್ಟೆಯಿಂದ ಉಜ್ಜಿ, ನೀರು ಹೊಯ್ದು, ಅಂಟಿನ ಕಲೆಯೂ ಉಳಿಯದಂತೆ ತೊಳೆದಿದ್ದರು. ತೆಂಗನ್ನು ಮಕ್ಕಳಂತೆ ಸಾಕುವ ಸೀಮೆಯಲ್ಲಿ ಇದು ನಗುವ ಸಂಗತಿಯೂ ಆಗಿರಲಿಲ್ಲ.

ಗುರುವಾರ ಬೆಳಿಗ್ಗೆ ಕಾರ್ಯದರ್ಶಿ ಇಬ್ಬರು ಗೆಳೆಯರೊಂದಿಗೆ ಬಂದ. "ಏನ್ರೀ ಇದು, ನಮ್ಮ ಹುಡುಗ್ರು ಅಂಟ್ಸಿದ್ದು ಅಂತ ಗೊತ್ತಾಗಿ ಒಬ್ರು ಮಚ್ಚು ಹಿಡ್ಕಂಡ್ ಬಂದ್ರು. ಆಟ ಎಲ್ಲಿ, ಯಾವತ್ತು ಅಂತ ಒಬ್ರಿಗೂ ಗೊತ್ತಿಲ್ಲ. ಮೂರ್ ದಿನ ಐತೆ. ಏನ್ ಮಾಡ್ತೀರ?"

ಯಜಮಾನರು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ನನ್ನ ಕಡೆ ಕೈ ತೋರಿಸಿದರು.

"ಅಚ್ಚು ತಗ್ದು ಕೊಟ್ಟೋಳು ಇವ್ಳು. ನಾನು ಚೆಂಡು ಕೇಳಿದ್ದೆ."

ಆ ಕ್ಷಣದಲ್ಲಿ ನನ್ನ ಕೈಯಲ್ಲಿ ತೊಳೆದ ಮೊಳೆಗಳ ತಟ್ಟೆಯಿತ್ತು. ಅದನ್ನು ಅಲುಗದಂತೆ ಕೆಳಗಿಟ್ಟೆ. ಕೆಲಸ ಹೋಗುವುದಾದರೆ ಈಗಲೇ ಹೋಗುತ್ತದೆ, ಮೇಜು ಸಿಗುವುದಾದರೂ ಈಗಲೇ ಸಿಗಬೇಕು ಎಂಬುದು ಸ್ಪಷ್ಟವಾಗಿತ್ತು. ಕಾಯಿಯ ಅಚ್ಚಿನ ವಿಷಯ ನಾನು ಎತ್ತಲಿಲ್ಲ. ಅದಕ್ಕೆ ಸಾಕ್ಷಿ ಇರಲಿಲ್ಲ. ಚೀಲದಿಂದ ದಾರ ತೆಗೆದು ಯಜಮಾನರ ಮೇಜಿನ ಮೇಲೆ ಹರಡಿದೆ.

"ಚೆಂಡೇ ಇದ್ದಿದ್ರೂ ಊರು, ದಿನ ಕಾಣ್ತಿರ್ಲಿಲ್ಲ. ಮರ ತೋರ್ಸೋದು ಇಷ್ಟೇ," ಎಂದು ಎರಡು ಗಂಟುಗಳ ನಡುವೆ ಬೆರಳಿಟ್ಟೆ. "ಹಾಳೇನ ಉದ್ದುದ್ದ ಸೀಳಿ. ಹತ್ತಂಗುಲ ಅಗಲ, ಮೂವತ್ತಂಗುಲ ಎತ್ತರ. ನಾನು ಜೋಡಿಸ್ಕೊಡ್ತೀನಿ. ಸಂಜೆ ಒಳಗೆ."

ಯಜಮಾನರು ದಾರವನ್ನು ತಮ್ಮ ಸ್ಕೇಲಿಗೆ ಹಿಡಿದು ನೋಡಿದರು. ಈ ಸಲ ನಗಲಿಲ್ಲ. "ಮಾಡಮ್ಮ ನೋಡೋಣ" ಎಂದರು. ಮೇಸ್ತ್ರಿ ಎಲೆಯಡಿಕೆಯ ಸಂಚಿ ತೆಗೆದುಕೊಂಡು ಹೊರಗಿನ ಕಟ್ಟೆಗೆ ಹೋಗಿ ಕುಳಿತರು.

ಮೂರು ವರ್ಷ ಕಣ್ಣಲ್ಲೇ ಬಳಸಿದ ಪೆಟ್ಟಿಗೆಯನ್ನು ಅಂದು ತೆರೆದೆ. ಅಂಗೈಯಗಲದ ಅಕ್ಷರಗಳಲ್ಲಿ ಊರಿನ ಹೆಸರನ್ನು ಹತ್ತು ಅಂಗುಲದೊಳಗೆ ಒಂದೇ ಸಾಲಲ್ಲಿ ಕೂರಿಸಲಾಗದು. 'ಕಂದಿ' ಮೇಲೆ, 'ಕೆರೆ' ಕೆಳಗೆ ಇಟ್ಟೆ. ಕಾರ್ಯದರ್ಶಿ ಬಗ್ಗಿ ನೋಡಿ ಮುಖ ಗಂಟಿಕ್ಕಿದ.

"ನಮ್ಮೂರ್ ಹೆಸ್ರನ್ನೇ ಮುರುದ್ಬಿಟ್ರಲ್ರೀ."

"ಮರ ಅಗಲ ಆಗೋಗಂಟ ಕಾಯ್ತೀರಾ?"

ಅವನ ಗೆಳೆಯರು ನಕ್ಕರು. ಅದರ ಕೆಳಗೆ ಒಂದಳತೆ ಚಿಕ್ಕದಾಗಿ 'ಭಾನುವಾರ', ಅದರ ಕೆಳಗೆ 'ವಾಲಿಬಾಲ್', ಆಮೇಲೆ ಹೊತ್ತು, ಸಂಘದ ಹೆಸರು. ಅಧ್ಯಕ್ಷರೂ ಅತಿಥಿಗಳೂ ಕಟ್ಟಕಡೆಗೆ, ಸೀಸದ ಮೊಳೆಗಳಲ್ಲಿ.

"ಅಧ್ಯಕ್ಷರನ್ನ ಮರದ ಬುಡುಕ್ಕೆ ಕೂರ್ಸಿದೀರ. ಅವ್ರು ಸುಮ್ನಿರ್ತಾರಾ?"

"ಬಸ್ಸಲ್ಲಿ ಯಾರೂ ಅವ್ರನ್ನ ಕೇಳಲ್ಲ. ಯಾವೂರು ಅಂತ ಕೇಳ್ತಾರೆ."

ಅವನು ಸ್ವಲ್ಪ ಹೊತ್ತು ಯೋಚಿಸಿ, "ಹೌದು ಕಣ್ರೀ, ನಾನೂ ಅದ್ನೇ ಕೇಳೋದು" ಎಂದ. ಯೋಚಿಸಬಲ್ಲವರೊಡನೆ ಕೆಲಸ ಮಾಡುವುದು ಎಷ್ಟು ಸುಲಭವೆಂದು ನನಗೆ ಅಂದು ತಿಳಿಯಿತು.

ಚಿತ್ರ ಬೇಡವೆಂದೆ. ಅದರ ಜಾಗವನ್ನು ಖಾಲಿ ಬಿಟ್ಟೆ. ಸುತ್ತ ಬಯಲಿದ್ದರೆ ಅಕ್ಷರ ದೊಡ್ಡದಾಗಿ ಕಾಣುತ್ತದೆಂದು 'ರ' ಮತ್ತು 'ಗ' ನನಗೆ ಕಲಿಸಿದ್ದವು. ಆದರೆ ಒಂದು ತೊಡಕು ಉಳಿಯಿತು. 'ಕಂದಿ'ಗೆ ನಡುವೆ ಸೊನ್ನೆ ಇರುವುದರಿಂದ ಆ ಸಾಲು ಅಗಲ, 'ಕೆರೆ' ಗಿಡ್ಡ. ಎರಡು ಸಾಲೂ ಸಮವಾಗಿ ಕಾಣಲೆಂದು 'ಕೆ' ಮತ್ತು 'ರೆ'ಗಳ ನಡುವೆ ಮರದ ತುಂಡೊಂದನ್ನು ಕೂರಿಸಿ ಹಿಗ್ಗಿಸಿದೆ. ಅಂಚಿಗೆ ಅಂಚು ಸರಿಹೋಯಿತು. ಆದರೂ ಕರಡು ಪ್ರತಿ ಎಳೆದಾಗ ಏನೋ ಸರಿಯಿಲ್ಲ, ಏನೆಂದು ತಿಳಿಯದು.

ಯಾವಾಗ ಒಳಗೆ ಬಂದರೋ, ಮೇಸ್ತ್ರಿ ನನ್ನ ಹಿಂದೆ ನಿಂತಿದ್ದರು. "ಊರ ನಡುವೆ ಹೊಲ ಬಿಟ್ಟಿದೀಯಲ್ಲಮ್ಮ," ಎಂದರು. ನನ್ನನ್ನು ಕೇಳದೆಯೇ ಬಿಗಿ ಸಡಿಲಿಸಿ, ಆ ತುಂಡನ್ನು ನಡುವಿನಿಂದ ತೆಗೆದು, ಎರಡಾಗಿ ಮಾಡಿ ಸಾಲಿನ ಎರಡು ತುದಿಗೆ ಇಟ್ಟರು. 'ಕೆ' ಮತ್ತು 'ರೆ' ಒಂದರ ಪಕ್ಕ ಒಂದು ಬಂದು ನಿಂತವು. ಕೆಳಗಿನ ಸಾಲು ಗಿಡ್ಡವಾಗಿಯೇ ಉಳಿಯಿತು. ಆದರೆ ಎರಡೂ ಸಾಲು ಸೇರಿ ಒಂದು ಹೆಸರಾಯಿತು. ಅಕ್ಷರಗಳಿಗೆ ಅಂಚಿಗಿಂತ ನೆರೆ ಮುಖ್ಯವೆಂಬುದು ನನಗೆ ಗೊತ್ತಿರಲಿಲ್ಲ. ಆ ಪೋಸ್ಟರಿನಲ್ಲಿ ಮೇಸ್ತ್ರಿ ಮಾಡಿದ ತಿದ್ದುಪಡಿ ಅದೊಂದೇ, ಮತ್ತು ಅದು ಸರಿಯಾದ ತಿದ್ದುಪಡಿ. ಇದನ್ನು ಬರೆದಿಡುವುದು ನನ್ನ ಕರ್ತವ್ಯ.

ಬಿಗಿದ ಚೇಸನ್ನು ಯಂತ್ರಕ್ಕೆ ಏರಿಸಲು ಅವರು ಯಾರನ್ನೋ ಕೂಗುವ ಮೊದಲೇ ನಾನೊಬ್ಬಳೇ ಎತ್ತಿಟ್ಟೆ. ಅವರು ನೋಡಿದರು.

ಶನಿವಾರ ಬಸ್ಸಿನಲ್ಲಿ "ಯಾವೂರಲ್ಲಂತೆ" ಎಂದು ಒಬ್ಬರೂ ಕೇಳಲಿಲ್ಲ. "ಕಂದಿಕೆರೇಲಿ ನಾಳೆ ಆಟವಂತೆ ಕಣ್ಲಾ, ಹೋಗನಾ?" ಎಂದೊಬ್ಬ ಇನ್ನೊಬ್ಬನನ್ನು ಕೇಳಿದ. ಇನ್ನೊಬ್ಬ, "ಎಷ್ಟೊತ್ಗೆ?" ಎಂದ. ಇಬ್ಬರಿಗೂ ತಿಳಿಯಲಿಲ್ಲ, ಏಕೆಂದರೆ ನಾನು ಹೊತ್ತನ್ನು ಹಾಕಿದ್ದ ಸಾಲು ಬೇಲಿಯ ಮರೆಗೆ ಬಿದ್ದಿತ್ತು. ಬೇಲಿಯ ಎತ್ತರವನ್ನು ನಾನು ಅಳೆದಿರಲಿಲ್ಲ. ಮುಂದಿನ ಪೋಸ್ಟರಿಗೆ ಅಳೆದೆ.

ಭಾನುವಾರ ಜನ ಬೆಳಗಿನಿಂದಲೇ ಬಂದು ಕುಳಿತಿದ್ದರಂತೆ. ಕಾರ್ಯದರ್ಶಿ ಸೋಮವಾರ ಒಂದು ಚೀಲ ಎಳನೀರು ತಂದು ಯಜಮಾನರ ಮುಂದೆ ಇಳಿಸಿದ. ಯಜಮಾನರು ಅಲ್ಲಿದ್ದ ಗಿರಾಕಿಗಳಿಗೆ ಕೇಳುವಂತೆ, "ಎಲ್ಲ ನಮ್ಮ ಮೇಸ್ತ್ರಿ ಐಡಿಯಾ" ಎಂದರು. ಬಾಯಿತಪ್ಪಿ ಅಂದದ್ದೆಂದು ಭಾವಿಸಿ ಕಾದೆ. ಅವರು ತಿದ್ದಿಕೊಳ್ಳಲಿಲ್ಲ. ಅಂದು ಮಧ್ಯಾಹ್ನ ಮೇಸ್ತ್ರಿ ನನ್ನ ಮೊಳೆ ಖಾನೆಗಳ ಬಳಿ ಬಂದು, ತುರುವೇಕೆರೆಯ ಸಹಕಾರ ಸಂಘದವರ ಪೋಸ್ಟರಿನ ಕರಡನ್ನು ನನ್ನ ಮುಂದೆ ಇಟ್ಟರು.

"ಕಿಟ್ಕಿ ಪಕ್ಕ ಹೋಗ್ ಜೋಡ್ಸು. ಇಲ್ಲಿ ಬೆಳಕು ಸಾಲ್ದು." ಎರಡು ಹೆಜ್ಜೆ ಹೋಗಿ ನಿಂತು, "ಆ ದಾರ ಎಲ್ಲಿ?" ಎಂದರು.

ಕೊಟ್ಟೆ. ಅದನ್ನು ಪೋಸ್ಟರಿನ ಮೇಜಿನ ಮೇಲ್ಗಡೆ ಗೋಡೆಗೆ ಹೊಡೆದಿದ್ದ ಮೊಳೆಗೆ ನೇತುಹಾಕಿದರು. ಅಂದಿನಿಂದ ಹನ್ನೊಂದು ವರ್ಷ ಆ ಮೇಜಿನಲ್ಲಿ ನಾನು ಜೋಡಿಸಿದೆ. ಮೂರು ತಾಲ್ಲೂಕಿನಲ್ಲಿ ಮರಕ್ಕೆ ಪೋಸ್ಟರು ಅಂಟಿಸುವವರೆಲ್ಲ ಉದ್ದ ಹಾಳೆಯನ್ನೇ ಕೇಳತೊಡಗಿದರು. ಹೊಸದಾಗಿ ಕೆಲಸಕ್ಕೆ ಬಂದವರು ಆ ದಾರವನ್ನು 'ಮೇಸ್ತ್ರಿ ದಾರ' ಎಂದು ಕರೆಯುತ್ತಿದ್ದರು. ಪ್ರತಿಯೊಬ್ಬರನ್ನೂ ತಿದ್ದಿದೆ. ಎರಡು ದಿನ ನೆನಪಿಟ್ಟುಕೊಂಡು ಮತ್ತೆ ಮರೆಯುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ಆಫ್‌ಸೆಟ್ ಯಂತ್ರ ಬಂತು. ಮೇಸ್ತ್ರಿ ನಿವೃತ್ತರಾದರು, ಸಣ್ಣದೊಂದು ಸನ್ಮಾನ ಏರ್ಪಾಡಾಯಿತು. ಮಾತಾಡಿದವರೊಬ್ಬರು, ಇವರು ತೋಟ ತೋಟ ಅಲೆದು ಮರದ ಸುತ್ತಳತೆ ತೆಗೆದವರು ಎಂದು ಹೊಗಳಿದರು. ನಾನು ಮೂರನೆಯ ಸಾಲಿನಲ್ಲಿದ್ದೆ. ಮೇಸ್ತ್ರಿ ವೇದಿಕೆಯಿಂದ ನನ್ನನ್ನು ಹುಡುಕಿ ನೋಡಿ, "ಅಳತೆ ನಂದಲ್ಲ, ಬುಡ್ರಪ್ಪ" ಎಂದರು. ವಿನಯವೆಂದು ತಿಳಿದು ಸಭೆ ಚಪ್ಪಾಳೆ ತಟ್ಟಿತು. ಯಾರದೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರದ ಅಕ್ಷರಗಳನ್ನು ಮೂಟೆ ಕಟ್ಟುವ ದಿನ ನಾನು ಆ ದಾರವನ್ನು ಮೊಳೆಯಿಂದ ತೆಗೆದುಕೊಂಡೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮಸಿ ಹಿಡಿದು ಕಪ್ಪಾಗಿದ್ದರೂ ಗಂಟುಗಳು ಸಡಿಲವಾಗಿರಲಿಲ್ಲ. ಹೋದ ತಿಂಗಳು, ಇದನ್ನು ಬರೆಯಲು ಕೂರುವ ಮುನ್ನ, ತೋಟಕ್ಕೆ ಹೋಗಿ ಬಾವಿಯ ಪಕ್ಕದ ಮರಕ್ಕೆ ಅದನ್ನು ಸುತ್ತಿದೆ. ಮರ ಈಗ ಬಹಳ ಎತ್ತರ. ಕಾಯಿ ಬಿದ್ದರೆ ಸದ್ದು ತಡವಾಗಿ ಕೇಳುತ್ತದೆ. ದಾರ ಸುತ್ತಿ ಬಂದು, ಮೊದಲ ಗಂಟು ಹಾಕಿದ್ದಲ್ಲಿಗೇ ಸರಿಯಾಗಿ ಮುಟ್ಟಿತು.